ಮೊಣಕಾಲಿಗೆ ಚಲನೆಯೇ ಆಹಾರ

(ಮಂಗಳೂರಿನಲ್ಲಿ ಸುತ್ತಲಿನ ಗ್ರಾಮಗಳ ರೈತರ ಮುಂದೆ ಮಾಡಿದ ಭಾಷಣ)



ನಮ್ಮ ಜಿಲ್ಲೆಯಲ್ಲಿ ಮೊಣಕಾಲು ತಿರುಚಿಕೊಳ್ಳುವುದಕ್ಕೆ ಕಾರಣಗಳು ಹಲವು. ಕಂಬಳದಲ್ಲಿ ಕೋಣಗಳ ಹಿಂದೆ ಓಡುವವರು, ಕಬಡ್ಡಿ ಆಡುವ ಯುವಕರು, ಮಳೆಗಾಲದಲ್ಲಿ ಪಾಚಿಗಟ್ಟಿದ ಅಡಿಕೆ ತೋಟದಲ್ಲಿ ಜಾರುವವರು, ಇವರಲ್ಲಿ ಕೆಲವರ ಮೊಣಕಾಲಿನೊಳಗೆ ‘ಟಪ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಊತ ಬರುತ್ತದೆ. ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಬಿಗಿದಿಟ್ಟ ಒಳಗಿನ ಕಟ್ಟು ಹರಿದಿರಬಹುದೆಂಬುದರ ಸೂಚನೆ ಅದು. ಆಗ ಶಸ್ತ್ರವೈದ್ಯರು ಸಾಮಾನ್ಯವಾಗಿ ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ನಾರನ್ನು ತೆಗೆದು ಹೊಸ ಕಟ್ಟನ್ನು ಕೂರಿಸುತ್ತಾರೆ.

ಶಸ್ತ್ರಕ್ರಿಯೆಯಾಯಿತೆಂದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ. ಎಲುಬಿನ ತುದಿಗಳ ಮೇಲೆ ಬೆಳ್ಳಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದರಲ್ಲಿ ರಕ್ತನಾಳಗಳಿಲ್ಲ. ಕೀಲಿನೊಳಗಿನ ಜಿಡ್ಡುನೀರೇ ಅದರ ಮುಖ್ಯ ಆಹಾರ. ಕಾಲು ಮಡಿಸಿ ಚಾಚಿದಾಗ, ಭಾರ ಬಿದ್ದು ಬಿಟ್ಟಾಗ, ಆ ನೀರು ಹೊದಿಕೆಯ ಒಳಹೊರಗೆ ಓಡಾಡುತ್ತದೆ. ಕಾಲನ್ನು ವಾರಗಟ್ಟಲೆ ಅಲುಗಿಸದಿದ್ದರೆ ಹೊದಿಕೆ ಮೆತ್ತಗಾಗುತ್ತದೆ, ಕೀಲು ಬಿಗಿಯುತ್ತದೆ, ತೊಡೆ ಸೊರಗುತ್ತದೆ.

ಕೆನಡಾ ದೇಶದ ಡಾ. ರಾಬರ್ಟ್ ಸಾಲ್ಟರ್ ಅವರು ಮೊಲಗಳ ಮೊಣಕಾಲಿನ ಮೃದ್ವಸ್ಥಿಯಲ್ಲಿ ಗಾಯಮಾಡಿ ಪರೀಕ್ಷಿಸಿ, 1980ರಲ್ಲಿ ಫಲವನ್ನು ಪ್ರಕಟಿಸಿದರು. ಕಟ್ಟಿಹಾಕಿದ ಕಾಲಿಗಿಂತ ಎಡೆಬಿಡದೆ ಮೆಲ್ಲಗೆ ಆಡಿಸಿದ ಕಾಲಿನ ಗಾಯ ಚೆನ್ನಾಗಿ ಮಾಗಿತ್ತು. ಇದಕ್ಕಾಗಿ ನಿಮಗೆ ಯಂತ್ರ ಬೇಕಿಲ್ಲ. ದಿನವೂ ಮಾಡುವ ವ್ಯಾಯಾಮ ಸಾಕು.

ಆದರೆ ಚಲನೆ ಸರಿಯಾಗಿರಬೇಕು. ಗಾಡಿಯ ಚಕ್ರ ವಾಲಿದರೆ ಎಷ್ಟು ಕೀಲೆಣ್ಣೆ ಹಾಕಿದರೂ ಅಚ್ಚು ಒಂದೇ ಕಡೆ ಸವೆಯುತ್ತದೆ. ಹಾಗೆಯೇ ಕುಂಟುತ್ತ, ಮೊಣಕಾಲನ್ನು ಪೂರ್ತಿ ಚಾಚದೆ ನಡೆದರೆ, ಭಾರ ಹೊತ್ತು ರೂಢಿಯಿಲ್ಲದ ಜಾಗದ ಮೇಲೆ ಭಾರ ಬೀಳುತ್ತದೆ. ಹೊಸ ಕಟ್ಟು ಗಟ್ಟಿಯಾಗಿದ್ದರೂ ಮೃದ್ವಸ್ಥಿ ಸವೆದು, ದುಡಿಯುವ ವಯಸ್ಸಿನಲ್ಲೇ ಸಂಧಿವಾತ ಬರಬಹುದು.

ನೀವು ಮಾಡಬೇಕಾದುದು ಇಷ್ಟು:

1. ವೈದ್ಯರು ಹೇಳಿದ ದಿನದಿಂದಲೇ ವ್ಯಾಯಾಮ ಆರಂಭಿಸಿರಿ. ಮೊದಲು ಕಾಲನ್ನು ಇನ್ನೊಂದು ಕಾಲಿನಷ್ಟೇ ನೇರವಾಗಿ ಚಾಚಲು ಕಲಿಯಿರಿ.

2. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸಿರಿ. ಮೊಣಕಾಲಿಗೆ ಬೀಳುವ ಪೆಟ್ಟನ್ನು ತಡೆಯುವುದು ಅದೇ.

3. ಕೀಲಿನ ಒಳಗಾದಿಯನ್ನೂ ಹೊಲಿದಿದ್ದರೆ ಮಡಿಸುವ ಮಿತಿ ಬೇರೆ. ನೆರೆಯವರನ್ನು ನೋಡಿ ಅನುಕರಿಸಬೇಡಿ.

4. ಎರಡು ಮೂರು ತಿಂಗಳಲ್ಲಿ ನೋವು ಹೋಯಿತೆಂದು ಮರ ಹತ್ತಬೇಡಿ, ಗದ್ದೆಯ ಕೆಸರಿಗೆ ಇಳಿಯಬೇಡಿ. ಹೊಸ ಕಟ್ಟು ಆಗ ಇನ್ನೂ ದುರ್ಬಲ. ಕಬಡ್ಡಿ, ಕಂಬಳಗಳಿಗೆ ಕನಿಷ್ಠ ಒಂಬತ್ತು ತಿಂಗಳು ಬೇಕು. ಅದೂ ಕಾಲಿನ ಬಲವನ್ನು ಪರೀಕ್ಷಿಸಿದ ಮೇಲೆ.

5. ವ್ಯಾಯಾಮದ ನಂತರ ಊತ ಹೆಚ್ಚಿದರೆ ಮರುದಿನ ಕಡಿಮೆ ಮಾಡಿರಿ. ಜ್ವರ ಬಂದರೆ, ಗಾಯ ಸೋರಿದರೆ, ಮೀನಖಂಡ ಊದಿ ನೋಯತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.

ಮಂಗಳೂರಿನಲ್ಲಿ 1848ರಲ್ಲಿ ಸ್ಥಾಪನೆಯಾದ ಸರಕಾರಿ ವೆನ್ಲಾಕ್ ಆಸ್ಪತ್ರೆಯಿದೆ. ಮೊಣಕಾಲು ಪದೇ ಪದೇ ಕುಸಿಯುತ್ತಿದ್ದರೆ ಎಣ್ಣೆ ತಿಕ್ಕಿ ಕಟ್ಟುಹಾಕಿಸಿಕೊಂಡು ಕಾಲ ಕಳೆಯಬೇಡಿ. ಪ್ರತಿಸಲ ಕುಸಿದಾಗಲೂ ಒಳಗಿನ ಮೃದ್ವಸ್ಥಿಗೆ ಪೆಟ್ಟು. ಸವೆದ ಮೃದ್ವಸ್ಥಿ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ.

ಒಂದು ಬೆಳೆ ತಪ್ಪಿದರೆ ಮುಂದಿನ ವರ್ಷ ಇನ್ನೊಂದನ್ನು ಬೆಳೆಯಬಹುದು. ಮೊಣಕಾಲು ಹಾಗಲ್ಲ. ಮನೆಯವರೂ ಈ ಒಂಬತ್ತು ತಿಂಗಳು ತಾಳ್ಮೆಯಿಂದ ಕೈಜೋಡಿಸಬೇಕೆಂದು ಕೇಳಿಕೊಳ್ಳುತ್ತೇನೆ.