ಆಸಿಯಾಳ ಲೋಟದ ನೀರು ಮತ್ತು ನಮ್ಮ ಪ್ರಾರ್ಥನೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಲೋಕದ ನಾನಾ ದೇಶಗಳಲ್ಲಿ ಹಿಂಸೆಗೆ ಸಿಕ್ಕಿರುವ ಕ್ರೈಸ್ತರಿಗಾಗಿ ಪ್ರತಿ ವರ್ಷ ನವೆಂಬರಿನಲ್ಲಿ ಚರ್ಚುಗಳು ಒಂದು ದಿನ ಪ್ರಾರ್ಥನೆ ನಡೆಸ್ತವೆ. ಈ ವಿಷಯಕ್ಕೂ ನಮ್ಮ ಶಿಬಿರಕ್ಕೂ ಏನು ಸಂಬಂಧ ಅಂತ ನಿಮ್ಮಲ್ಲಿ ಕೆಲವರು ಮುಖಮುಖ ನೋಡಿಕೊಳ್ತಿದೀರಿ. ನಮ್ಮ ನೋವೇ ಹಾಸಿ ಹೊದೆಯುವಷ್ಟಿದೆ, ಪಾಕಿಸ್ತಾನದ ಕ್ರೈಸ್ತರ ಉಸಾಬರಿ ನಮಗ್ಯಾಕೆ? ನಮ್ಮಲ್ಲಿ ಬಹಳ ಜನ ದೇವರನ್ನೇ ಬಿಟ್ಟವರು, ಕೆಲವರು ಬುದ್ಧನ ಕಡೆ ನಡೆದವರು, ನಮಗೆ ಪ್ರಾರ್ಥನೆಯ ಮಾತು ಯಾಕೆ? ಕೇಳಬೇಕಾದ ಪ್ರಶ್ನೆಗಳೇ ಇವು. ಉತ್ತರವನ್ನ ಒಂದು ಲೋಟ ನೀರಿನಿಂದ ಶುರು ಮಾಡೋಣ.

2009ರ ಜೂನ್ ತಿಂಗಳು. ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದಲ್ಲಿ ಇಟ್ಟನ್‌ವಾಲಿ ಅನ್ನೋ ಹಳ್ಳಿ. ಆಸಿಯಾ ಬೀಬಿ ಎಂಬ ಕ್ರೈಸ್ತ ಕೂಲಿ ಹೆಂಗಸು ಬೇರೆ ಹೆಂಗಸರ ಜೊತೆ ಹೊಲದಲ್ಲಿ ಫಾಲ್ಸಾ ಹಣ್ಣು ಬಿಡಿಸ್ತಿದ್ದಳು. ಸುಡು ಬಿಸಿಲು. ಆಕೆ ನೀರು ತಂದಳು. ಕ್ರೈಸ್ತಳ ಕೈಯ ನೀರು ನಾವು ಕುಡಿಯೋಲ್ಲ ಅಂದರು ಜೊತೆಯವರು. ಮಾತಿಗೆ ಮಾತು ಬೆಳೆಯಿತು. ಐದು ದಿನ ಕಳೆದ ಮೇಲೆ ಊರ ಜನ ಸೇರಿ, ಈಕೆ ಪ್ರವಾದಿಯನ್ನ ನಿಂದಿಸಿದಳು ಅಂತ ಪೊಲೀಸರಿಗೆ ದೂರು ಕೊಟ್ಟರು. 2010ರ ನವೆಂಬರಿನಲ್ಲಿ ಕೆಳಗಿನ ಕೋರ್ಟು ಆಕೆಗೆ ಗಲ್ಲು ವಿಧಿಸಿತು. 2014ರಲ್ಲಿ ಲಾಹೋರ್ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು.

ಈಗ ಹೇಳಿ, ಈ ಕತೆ ನಮಗೆ ಹೊಸದೇ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದು ನೀರು ಮುಟ್ಟಿದ್ದು ಯಾಕೆ? ನಮ್ಮ ಹಳ್ಳಿ ಹೋಟೆಲುಗಳಲ್ಲಿ ನಮ್ಮ ಅಪ್ಪ ಅಜ್ಜಂದಿರಿಗೆ ಬೇರೆ ಲೋಟ ಇಟ್ಟಿದ್ದು ಯಾಕೆ? ಅದೇ ನೀರು, ಅದೇ ಲೋಟ.

ಇಲ್ಲಿ ಒಂದು ಸೂಕ್ಷ್ಮ ಇದೆ. ಇಸ್ಲಾಮಿನಲ್ಲಿ ಕ್ರೈಸ್ತರು ಗ್ರಂಥ ಪಡೆದ ಜನ. ಅವರ ಊಟ ಮುಸ್ಲಿಮರಿಗೆ ಸಲ್ಲುತ್ತದೆ ಅಂತ ಕುರಾನಿನಲ್ಲೇ ಇದೆ. ಹಾಗಿದ್ದ ಮೇಲೆ ಕ್ರೈಸ್ತಳ ಕೈಯ ನೀರಿಗೆ ಮೈಲಿಗೆ ಎಲ್ಲಿಂದ ಬಂತು? ಅದು ಮಸೀದಿಯಿಂದ ಬಂದದ್ದಲ್ಲ. ಜಾತಿಯಿಂದ ಬಂತು.

ಪಂಜಾಬಿನಲ್ಲಿ ಚೂಹ್ರಾ ಅನ್ನೋ ಜಾತಿ ಇತ್ತು. ಹೊಲಸು ಬಳಿಯೋದು, ಸತ್ತ ದನ ಎಳೆಯೋದು, ಒಡೆಯರ ಹೊಲದಲ್ಲಿ ಗೇಯೋದು ಅವರ ಪಾಲು. 1873ರಲ್ಲಿ ಸಿಯಾಲ್‌ಕೋಟ್ ಕಡೆಯ ಡಿಟ್ ಎಂಬ ಚೂಹ್ರಾ ಜಾತಿಯ ಮನುಷ್ಯ, ಓದು ಬರಹ ಇಲ್ಲದವನು, ಚರ್ಮದ ವ್ಯಾಪಾರ ಮಾಡಿಕೊಂಡಿದ್ದವನು, ಪಾದ್ರಿಯ ಬಳಿ ಹೋಗಿ ದೀಕ್ಷಾಸ್ನಾನ ಪಡೆದ. ಊರಿಗೆ ವಾಪಸು ಬಂದು ತನ್ನವರಿಗೆ ಹೇಳಿದ. ಅವನ ಹಿಂದೆ ಕೇರಿಗೆ ಕೇರಿಯೇ ನಡೆಯಿತು. ಇವತ್ತು ಪಾಕಿಸ್ತಾನದ ಪಂಜಾಬಿನ ಕ್ರೈಸ್ತರಲ್ಲಿ ಬಹುಪಾಲು ಆ ಕೇರಿಗಳ ಮೊಮ್ಮಕ್ಕಳು. ಧರ್ಮ ಬದಲಾಯಿತು, ಪೊರಕೆ ಬದಲಾಗಲಿಲ್ಲ. ಅಲ್ಲಿನ ಪುರಸಭೆಗಳು ಜಾಡಮಾಲಿ ಕೆಲಸಕ್ಕೆ ಮುಸ್ಲಿಮೇತರರು ಮಾತ್ರ ಬರಬೇಕು ಅಂತ ಪತ್ರಿಕೆಗಳಲ್ಲೇ ಜಾಹೀರಾತು ಕೊಟ್ಟಿವೆ. 2017ರಲ್ಲಿ ಸಿಂಧ್‌ನ ಉಮರ್‌ಕೋಟ್‌ನಲ್ಲಿ ಮ್ಯಾನ್‌ಹೋಲಿಗಿಳಿದು ಉಸಿರುಕಟ್ಟಿದ ಕ್ರೈಸ್ತ ಕಾರ್ಮಿಕನೊಬ್ಬ ಸತ್ತ. ಮೈಯೆಲ್ಲ ಹೊಲಸಾಗಿದೆ ಅಂತ ವೈದ್ಯರು ಮುಟ್ಟಲಿಲ್ಲ ಎಂದು ಅವನ ಮನೆಯವರು ದೂರಿದರು.

ಬಾಬಾಸಾಹೇಬರಿಗೆ ಇದು ಆಗಲೇ ಗೊತ್ತಿತ್ತು. ದೇಶ ಒಡೆದ ವರ್ಷ, 1947ರ ಡಿಸೆಂಬರಿನಲ್ಲಿ, ಅವರು ನೆಹರೂ ಅವರಿಗೆ ಕಾಗದ ಬರೆದರು. ಅಸ್ಪೃಶ್ಯರು ಗಡಿ ದಾಟಿ ಬರದ ಹಾಗೆ ಪಾಕಿಸ್ತಾನ ಸರ್ಕಾರ ತಡೆಯುತ್ತಿದೆ, ಕೀಳು ಚಾಕರಿ ಮಾಡೋಕೆ ಜನ ಬೇಕಲ್ಲ, ಅದಕ್ಕೇ ಅಂತ ದೂರಿದರು. ದೇಶ ಎರಡಾದರೂ ಎರಡಕ್ಕೂ ಕಕ್ಕಸು ಬಳಿಯೋರು ಬೇಕಾಗಿತ್ತು.

ಇನ್ನು ಕಾಯ್ದೆಯ ಮಾತು. ಇದರ ಬೇರು ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯಲ್ಲಿದೆ. ಜನರಲ್ ಜಿಯಾ ಉಲ್ ಹಕ್ ಎಂಬ ಸೇನಾ ಸರ್ವಾಧಿಕಾರಿ ಅದಕ್ಕೆ ಹಲ್ಲು ಕೂರಿಸಿದ. 1982ರಲ್ಲಿ ಒಂದು ಕಲಂ, 1986ರಲ್ಲಿ 295-ಸಿ ಎಂಬ ಇನ್ನೊಂದು. ಪ್ರವಾದಿಯನ್ನ ನಿಂದಿಸಿದರೆ ಗಲ್ಲು. ಸಾಕ್ಷಿ ಏನು? ಹೆಚ್ಚಿನ ವೇಳೆ ದೂರು ಕೊಟ್ಟವನ ಬಾಯಿ ಮಾತು. ಹೊಲದ ಜಗಳ, ಸಾಲದ ಜಗಳ, ಹಳೇ ಹಗೆ ಎಲ್ಲಕ್ಕೂ ಇದೊಂದು ದೊಣ್ಣೆಯಾಯಿತು. ಈ ಕಾಯ್ದೆಗೆ ಸಿಕ್ಕವರಲ್ಲಿ ಮುಸ್ಲಿಮರೂ ಬಹಳ ಜನ ಇದ್ದಾರೆ ಅನ್ನೋದನ್ನ ಮರೆಯಬಾರದು. ಸರ್ಕಾರ ಈ ಕಲಮಿನ ಕೆಳಗೆ ಯಾರನ್ನೂ ಗಲ್ಲಿಗೆ ಹಾಕಿಲ್ಲ. ಕೊಂದದ್ದು ಗುಂಪುಗಳು. 2013ರಲ್ಲಿ ಲಾಹೋರಿನ ಜೋಸೆಫ್ ಕಾಲೋನಿಯಲ್ಲಿ ನೂರಕ್ಕೂ ಹೆಚ್ಚು ಮನೆ ಸುಟ್ಟರು. 2014ರಲ್ಲಿ ಕೋಟ್ ರಾಧಾ ಕಿಷನ್ ಎಂಬಲ್ಲಿ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಕ್ರೈಸ್ತ ಗಂಡ ಹೆಂಡತಿಯನ್ನ ಹೊಡೆದು ಅದೇ ಗೂಡಿನ ಬೆಂಕಿಗೆ ಹಾಕಿದರು. ಆ ಹೆಂಗಸು ಬಸುರಿ. 2023ರ ಆಗಸ್ಟ್ 16ರಂದು ಜರಾನ್‌ವಾಲಾದಲ್ಲಿ ಇಪ್ಪತ್ತಕ್ಕೂ ಹೆಚ್ಚು ಚರ್ಚುಗಳು ದಾಳಿಗೆ ಸಿಕ್ಕವು, ಬಡವರ ಮನೆಗಳು ಉರಿದವು. ಮುಂಗಡ ಹಣಕ್ಕೆ ಇಟ್ಟಿಗೆ ಗೂಡಿಗೆ ಕಟ್ಟುಬಿದ್ದು ದುಡಿಯುವ ಬಾಳು ಎಂಥದ್ದು ಅಂತ ಜೀತದ ಮನೆಯಿಂದ ಬಂದ ನಿಮಗೆ ವಿವರಿಸಬೇಕಿಲ್ಲ.

ಆಸಿಯಾಳ ಪರವಾಗಿ ನಿಂತವರು ಯಾರು? ಪಂಜಾಬಿನ ಗವರ್ನರ್ ಸಲ್ಮಾನ್ ತಸೀರ್ ಜೈಲಿಗೇ ಹೋಗಿ ಆಕೆಯನ್ನ ಕಂಡು, ಈ ಕಾಯ್ದೆ ತಪ್ಪು ಅಂದರು. 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಅವರನ್ನ ಗುಂಡಿಕ್ಕಿ ಕೊಂದ. ಅಲ್ಪಸಂಖ್ಯಾತರ ಖಾತೆಯ ಸಚಿವ ಶಹಬಾಜ್ ಭಟ್ಟಿ, ಕ್ರೈಸ್ತರು, ಕಾಯ್ದೆ ಬದಲಾಗಬೇಕು ಅಂದದ್ದಕ್ಕೆ ಅದೇ ವರ್ಷ ಮಾರ್ಚ್ 2ರಂದು ಪ್ರಾಣ ಕೊಟ್ಟರು. ಸೈಫ್ ಉಲ್ ಮಲೂಕ್ ಎಂಬ ವಕೀಲರು ಜೀವಬೆದರಿಕೆಯ ನಡುವೆ ಆಕೆಯ ಪರ ವಾದ ಮಾಡಿದರು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಾಧೀಶರು ಆಕೆಯನ್ನ ಬಿಡುಗಡೆ ಮಾಡಿದರು. ಸಾಕ್ಷಿಗಳ ಮಾತು ಒಂದಕ್ಕೊಂದು ಕೂಡಿ ಬರೋಲ್ಲ ಅಂದರು. ಆಕೆ ತಪ್ಪೊಪ್ಪಿಕೊಂಡಳು ಅಂತ ಹೇಳಿದ ಸಭೆಯಲ್ಲಿ ಎಷ್ಟು ಜನ ಇದ್ದರು ಅನ್ನೋದಕ್ಕೇ ಒಬ್ಬೊಬ್ಬ ಸಾಕ್ಷಿಯದು ಒಂದೊಂದು ಲೆಕ್ಕ. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದು ಆಕೆ 2019ರಲ್ಲಿ ಕೆನಡಾಕ್ಕೆ ಹೋದಳು.

ತಸೀರ್ ಮುಸ್ಲಿಮರು. ಮಲೂಕ್ ಮುಸ್ಲಿಮರು. ಆ ಮೂವರು ನ್ಯಾಯಾಧೀಶರೂ ಮುಸ್ಲಿಮರು. ಇದನ್ನ ಒತ್ತಿ ಹೇಳ್ತೀವಿ. ಯಾಕೆ ಅಂದ್ರೆ, ಆಸಿಯಾಳ ಕತೆಯನ್ನ ಕೈಗೆತ್ತಿಕೊಂಡು ನಮ್ಮ ಊರಿನ ಬಡ ಮುಸ್ಲಿಮನ ತಲೆಗೆ ಹೊಡೆಯೋಕೆ ಹೊರಟವರು ನಮ್ಮ ನಡುವೆ ಇದ್ದಾರೆ. ಅವರಿಗೆ ಒಂದೇ ಪ್ರಶ್ನೆ ಕೇಳಿ: ಕಂಧಮಾಲ್ ನಿಮಗೆ ನೆನಪಿದೆಯಾ?

2008ರ ಆಗಸ್ಟಿನಲ್ಲಿ ಒಡಿಶಾದ ಕಂಧಮಾಲ್ ಜಿಲ್ಲೆಯಲ್ಲಿ ಒಬ್ಬ ಸ್ವಾಮಿಯ ಕೊಲೆಯಾಯಿತು. ಆ ಕೊಲೆಯನ್ನ ಮಾವೋವಾದಿಗಳು ತಾವೇ ಮಾಡಿದ್ದು ಅಂದರು. ಆದರೂ ಗುಂಪುಗಳು ನುಗ್ಗಿದ್ದು ಕ್ರೈಸ್ತರ ಮನೆಗಳಿಗೆ. ಸರ್ಕಾರದ ಲೆಕ್ಕದಲ್ಲೇ 30ಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಮನೆ ಬೂದಿಯಾದವು. ಹತ್ತಾರು ಸಾವಿರ ಜನ ಕಾಡಿಗೆ, ಶಿಬಿರಗಳಿಗೆ ಓಡಿದರು. ಅವರಲ್ಲಿ ಬಹುಪಾಲು ಪಾಣ ಜಾತಿಯ ದಲಿತರು, ಜೊತೆಗೆ ಆದಿವಾಸಿಗಳು. ಅಲ್ಲಿ ಚೂಹ್ರಾ, ಇಲ್ಲಿ ಪಾಣ. ಗಡಿಯ ಆಚೆಗೂ ಈಚೆಗೂ ಬೆಂಕಿ ಬಿದ್ದದ್ದು ಕೇರಿಗೇ. ನಮ್ಮ ಸರ್ಕಾರವೇನು ಕಡಿಮೆಯಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಮೊದಲು ಹಿಂದೂ ದಲಿತರಿಗೆ ಮಾತ್ರ ಜಾಗ ಇತ್ತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತ ದಲಿತರೂ ಮುಸ್ಲಿಂ ದಲಿತರೂ ಹೊರಗೇ ಉಳಿದರು. ಜಾತಿ ಅವರನ್ನ ಬಿಡಲಿಲ್ಲ, ಕಾನೂನು ಬಿಟ್ಟಿತು.

ಚರ್ಚಿನ ಹಿರಿಯರಿಗೂ ಒಂದು ಮಾತು. ದೂರದ ದೇಶದ ಹಿಂಸೆಗೆ ಮರುಗಿ ಪ್ರಾರ್ಥಿಸ್ತೀರಿ, ಸಂತೋಷ. ತಮಿಳುನಾಡಿನ ಕೆಲವು ಕಡೆ ಚರ್ಚಿನ ಸ್ಮಶಾನದಲ್ಲೂ ದಲಿತ ಕ್ರೈಸ್ತರಿಗೆ ಬೇರೆ ಜಾಗ ಇಟ್ಟಿದ್ದಾರಲ್ಲ, ಆ ಗೋಡೆಗೂ ಒಂದು ಪ್ರಾರ್ಥನೆ ಆಗಲಿ.

ಹಾಗಾದ್ರೆ ಪ್ರಾರ್ಥನೆಯಿಂದ ಏನಾಯಿತು ಅಂತ ಕೇಳ್ತೀರಿ. ನಾವು ದೇವರ ಲೆಕ್ಕ ಬರೆಯೋಕೆ ಹೋಗೋಲ್ಲ. ಒಂದಂತೂ ಕಣ್ಣಿಗೆ ಕಾಣೋ ಸತ್ಯ. ನಾನಾ ದೇಶಗಳಲ್ಲಿ ಜನ ವಾರವಾರವೂ ಆಸಿಯಾಳ ಹೆಸರು ಹಿಡಿದು ಪ್ರಾರ್ಥಿಸಿದರು, ಸಹಿ ಸಂಗ್ರಹಿಸಿದರು, ಸರ್ಕಾರಗಳಿಗೆ ಕಾಗದ ಬರೆದರು. ಆ ಹೆಸರು ಜೈಲಿನ ಕತ್ತಲಲ್ಲಿ ಕಳೆದುಹೋಗಲಿಲ್ಲ. ಹೆಸರು ಉಳಿದ ಕೈದಿಯನ್ನ ಸದ್ದಿಲ್ಲದೆ ಮುಗಿಸೋದು ಕಷ್ಟ.

ನಮ್ಮ ಕನ್ನಡದಲ್ಲೇ ನೋಡಿ. ಹಾಸ್ಟೆಲಿನ ಅನ್ನದಲ್ಲಿ ಹುಳ ಬಿದ್ದಾಗ ನೀವು ಅರ್ಜಿ ಬರೆಯೋದು ಹೇಗೆ? ಕೊನೆಯ ಸಾಲಿನಲ್ಲಿ ‘ತಮ್ಮಲ್ಲಿ ಪ್ರಾರ್ಥಿಸಿಕೊಳ್ಳುತ್ತೇವೆ’ ಅಂತ ತಾನೆ? ನಮ್ಮ ಭಾಷೆಯಲ್ಲಿ ದೇವರ ಮುಂದೆ ಇಡೋದಕ್ಕೂ ಸರ್ಕಾರದ ಮುಂದೆ ಇಡೋದಕ್ಕೂ ಒಂದೇ ಮಾತು. ಅರ್ಜಿ ಕೊಟ್ಟು ಮನೆಗೆ ಹೋಗಿ ಮಲಗಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಬೆನ್ನು ಹತ್ತಬೇಕು, ಮತ್ತೆ ಮತ್ತೆ ಹೋಗಿ ಕೇಳಬೇಕು, ಹತ್ತು ಜನ ಕೂಡಿ ನಿಲ್ಲಬೇಕು. ದೇವರನ್ನ ನಂಬಿದವರ ಪ್ರಾರ್ಥನೆಗೂ ನಂಬದ ನಮ್ಮ ಹೋರಾಟಕ್ಕೂ ಇಲ್ಲಿ ದಾರಿ ಕೂಡುತ್ತೆ.

ಆದ್ದರಿಂದ ನಾವು ಕೇಳಿಕೊಳ್ಳೋದು ಇಷ್ಟು. ಯಾವ ದೇಶದಲ್ಲೇ ಆಗಲಿ ಧರ್ಮದ ಹೆಸರಲ್ಲಿ ಹೊಡೆತ ತಿಂದವರ ಸುದ್ದಿ ಬಂದರೆ, ಅವರು ಯಾವ ಕೆಲಸದವರು, ಯಾವ ಕೇರಿಯವರು ಅಂತ ಕೇಳಿ ತಿಳಿಯಿರಿ. ತಿಳಿದದ್ದನ್ನ ಹಾಸ್ಟೆಲಿನ ಗೋಡೆಪತ್ರಿಕೆಯಲ್ಲಿ ಬರೆಯಿರಿ. ನಿಮ್ಮ ಹಾಸ್ಟೆಲಿನಲ್ಲಿ ಕ್ರೈಸ್ತ ಗೆಳೆಯ ಇದ್ದರೆ ಅವನ ಪ್ರಾರ್ಥನೆಯ ದಿನ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ಬಾಬಾಸಾಹೇಬರ ಜಯಂತಿಗೆ ಅವನನ್ನ ಕರೆಯಿರಿ. ಕ್ರೈಸ್ತ ದಲಿತರ ಹಕ್ಕಿನ ಪ್ರಶ್ನೆ ಬಂದಾಗ ‘ಅದು ಅವರ ಪಾಡು’ ಅಂತ ಜಾರಿಕೊಳ್ಳಬೇಡಿ. ನಮ್ಮ ಪಾಲು ಕಡಿಮೆಯಾಗುತ್ತೆ ಅನ್ನೋ ಭಯ ಕೆಲವರಿಗಿದೆ, ಅದನ್ನ ಮುಚ್ಚಿಡದೆ ಕೂತು ಚರ್ಚೆ ಮಾಡೋಣ, ಪಾಲು ಹೆಚ್ಚಿಸೋಕೆ ಕೂಡಿ ಹೋರಾಡೋಣ. ಮುಖ್ಯವಾಗಿ, ನಿಮ್ಮ ಊರಿಗೆ ಹೋದಾಗ ಹೋಟೆಲಿನ ಲೋಟ ನೋಡಿ, ದೇವಸ್ಥಾನದ ಮುಂದಿನ ನಲ್ಲಿ ನೋಡಿ. ಅಲ್ಲಿ ನಮ್ಮವರಿಗೆ ಬೇರೆ ಲೋಟ ಇದ್ದರೆ, ನಾವು ಆಸಿಯಾಳಿಗಾಗಿ ಮಾಡಬೇಕಾದ ಕೆಲಸ ಅಲ್ಲೇ ಬಾಕಿ ಇದೆ.

ಜೈ ಭೀಮ್.