ಕಾಣದ ಗಂಡನ ಪಾಲು

‘ಪತಿ’ ಎಂಬ ಮಾತಿಗೆ ‘ಕಾಯುವವನು’ ಎಂದು ಅರ್ಥ ಹೇಳುವುದುಂಟು. ಕಾಯದೆ ಬಿಟ್ಟುಹೋದವನನ್ನು ಏನೆಂದು ಕರೆಯಬೇಕು? ನಿಘಂಟು ಏನೇ ಹೇಳಲಿ, ಕಾನೂನು ಅವನನ್ನೂ ಪತಿಯೆಂದೇ ಕರೆಯುತ್ತದೆ.

ಹಿರೇಕೆರೂರು ಸೀಮೆಯ ನಮ್ಮ ಮಾಸೂರಿನಂಥ ಊರಲ್ಲಿ ಸರಕಾರಿ ಶಾಲೆಯ ಅಕ್ಕೋರೊಬ್ಬರು ಇದ್ದರೆಂದು ಇಟ್ಟುಕೊಳ್ಳೋಣ. ಗಂಡ ಮುನಿದು ಮನೆಬಿಟ್ಟು ಹದಿನೈದು ವರ್ಷವಾಯಿತು, ಕಾಗದವಿಲ್ಲ, ಸುದ್ದಿಯಿಲ್ಲ. ಮಗಳನ್ನು ತಾವೇ ಬೆಳೆಸಿದರು. ಸಂಬಳದಲ್ಲಿ ಉಳಿಸಿ ಎರಡಂಕಣದ ಮನೆ ಕಟ್ಟಿಸಿದರು, ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ನಿವೃತ್ತರಾಗಿ ಪಿಂಚಣಿ ಪಡೆಯುತ್ತಿರುವಾಗಲೇ ತೀರಿಕೊಂಡರು. ಈಗ ಯಾರಿಗೆ ಏನು ಸಲ್ಲಬೇಕು?

ಮೊದಲು ಪಿಂಚಣಿಯನ್ನೂ ಆಸ್ತಿಯನ್ನೂ ಬೇರೆಬೇರೆಯಾಗಿ ನೋಡಬೇಕು. ಕುಟುಂಬ ಪಿಂಚಣಿ ಸತ್ತವರ ಆಸ್ತಿಯಲ್ಲ, ಅದನ್ನು ಮೃತ್ಯುಪತ್ರದಲ್ಲಿ ಬರೆದುಕೊಡಲು ಬಾರದು ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಸಾಮಾನ್ಯವಾಗಿ ಮೊದಲು ಗಂಡನಿಗೆ ಅಥವಾ ಹೆಂಡತಿಗೆ, ಅನಂತರ ಅರ್ಹರಾದ ಮಕ್ಕಳಿಗೆ ಸಲ್ಲುತ್ತದೆ. ಕೇಂದ್ರ ಸರಕಾರದ ಮಹಿಳಾ ನೌಕರರು, ವಿಚ್ಛೇದನದ ಅಥವಾ ಕೌಟುಂಬಿಕ ದೌರ್ಜನ್ಯದ ವ್ಯಾಜ್ಯ ನಡೆದಿದ್ದರೆ, ಗಂಡನಿಗಿಂತ ಮೊದಲು ಮಕ್ಕಳನ್ನು ಹೆಸರಿಸಬಹುದೆಂದು 2024ರ ಜನವರಿಯಲ್ಲಿ ಆದೇಶವಾಯಿತು. ವ್ಯಾಜ್ಯವನ್ನೇ ಹೂಡದೆ ಸುಮ್ಮನಿದ್ದವರಿಗೆ ಈ ಅನುಕೂಲವಿಲ್ಲ.

ಮನೆ, ಠೇವಣಿಗಳ ದಾರಿ ಬೇರೆ. ಹಿಂದೂ ಕುಟುಂಬವಾದರೆ 1956ರ ಉತ್ತರಾಧಿಕಾರ ಕಾಯಿದೆಯ 15ನೆಯ ಕಲಮಿನಂತೆ ಮಗಳಿಗೂ ಗಂಡನಿಗೂ ಸಮಪಾಲು. ಎಷ್ಟು ವರ್ಷ ದೂರವಿದ್ದರೂ ವಿಚ್ಛೇದನವಾಗದೆ ಆ ಪಾಲು ಅಳಿಯದು. ಮಕ್ಕಳೂ ಗಂಡನೂ ಇಲ್ಲದಿದ್ದರೆ ಹೆಂಗಸಿನ ಸ್ವಂತ ಗಳಿಕೆ ಹೆತ್ತ ತಾಯಿಗೆ ಹೋಗದೆ ಗಂಡನ ವಾರಸುದಾರರಿಗೆ ಹೋಗುತ್ತದೆ. ಮದುವೆಯಾದ ಮೂರೇ ತಿಂಗಳಲ್ಲಿ ವಿಧವೆಯಾಗಿ, ಅತ್ತೆಯ ಮನೆಯಿಂದ ಹೊರದೂಡಲ್ಪಟ್ಟು, ತವರಿನ ಆಸರೆಯಲ್ಲಿ ಓದಿ ನೌಕರಿ ಹಿಡಿದ ಒಬ್ಬಾಕೆಯ ಉಳಿತಾಯ, ಭವಿಷ್ಯನಿಧಿಗಳು ಗಂಡನ ಕಡೆಯವರಿಗೇ ಸಲ್ಲಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮರುಕ ಬೇರೆ, ಕಾನೂನು ಬೇರೆ ಎಂದಾಯಿತು.

ಕಾಣೆಯಾದವನಿಗಾಗಿ ಹಿಂದಿನವರು ಹನ್ನೆರಡು ವರ್ಷ ಕಾದು, ದರ್ಭೆಯ ಪ್ರತಿಕೃತಿಗೆ ಸಂಸ್ಕಾರ ಮಾಡುತ್ತಿದ್ದುದುಂಟು. ಕಾನೂನಿಗೆ ಏಳು ವರ್ಷ ಸಾಕು. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಏನೂ ತಿಳಿಯದಿದ್ದರೆ, ಬದುಕಿದ್ದಾನೆನ್ನುವವನೇ ಅದನ್ನು ಸಿದ್ಧಪಡಿಸಬೇಕು. 1872ರ ಸಾಕ್ಷ್ಯ ಕಾಯಿದೆಯ ಈ ನಿಯಮ 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಅಧಿನಿಯಮದಲ್ಲಿಯೂ ಉಳಿದಿದೆ. ಆದರೆ ಸತ್ತನೆಂದು ಊಹಿಸಬಹುದೇ ಹೊರತು ಇಂಥ ದಿನವೇ ಸತ್ತನೆಂದು ಊಹಿಸಲಾಗದೆಂಬುದು 2004ರ ತೀರ್ಪು. ತಾಯಿಗಿಂತ ಮೊದಲೇ ತಂದೆ ಸತ್ತನೆಂದು ಮಗಳು ತೋರಿಸಬೇಕಾದರೆ ಕಷ್ಟವೇ ಸರಿ.

ಆದುದರಿಂದ ಕೆಲವು ಕೆಲಸಗಳನ್ನು ಬದುಕಿದ್ದಾಗಲೇ ಮಾಡಿಡಬೇಕು. ಕಾಣೆಯಾದ ಸಂಗತಿಯನ್ನು ಕೂಡಲೆ ಪೋಲೀಸು ಠಾಣೆಯಲ್ಲಿ ಬರೆಯಿಸಿ ಪ್ರತಿ ಇಟ್ಟುಕೊಳ್ಳಿರಿ. ಎರಡು ವರ್ಷ ತೊರೆದಿದ್ದರೂ, ಏಳು ವರ್ಷ ಸುದ್ದಿಯಿಲ್ಲದಿದ್ದರೂ 1955ರ ವಿವಾಹ ಕಾಯಿದೆಯಂತೆ ವಿಚ್ಛೇದನ ಕೇಳಬಹುದು. ಬ್ಯಾಂಕಿನ ನಾಮಿನಿಯನ್ನೇ ನಂಬಬೇಡಿರಿ. ನಾಮಿನಿ ಹಣ ಪಡೆಯಬಲ್ಲನು, ಅದರ ಒಡೆಯನಾಗನು. ಮನೆ, ಠೇವಣಿಗಳಿಗೆ ಮೃತ್ಯುಪತ್ರ ಬರೆದು ಇಬ್ಬರು ಸಾಕ್ಷಿಗಳ ರುಜು ಹಾಕಿಸಿರಿ. ಅದಕ್ಕೆ ಛಾಪಾ ಕಾಗದ ಬೇಡ. ನೋಂದಣಿ ಕಡ್ಡಾಯವಲ್ಲವಾದರೂ ಮಾಡಿಸಿದರೆ ಒಳಿತು.

ಊರ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಅಕ್ಕೋರು, ಸ್ವಂತ ಮಗಳಿಗಾಗಿ ಒಂದು ಹಾಳೆ ಬರೆದಿಡದೆ ಹೋಗಬಾರದು.