ಮಗುವಿನ ಕೈಗೆ ಬಂದ ಫೋನು



ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಸೆಪ್ಟೆಂಬರ್ 1ರಂದು, ತೆಲಂಗಾಣದಲ್ಲಿ ಟಿ-ಸ್ಯಾಟ್ ಮತ್ತು ದೂರದರ್ಶನದ ಯಾದಗಿರಿ ವಾಹಿನಿಗಳ ಮೂಲಕ ಶಾಲಾ ಪಾಠ ಶುರುವಾಯಿತು. ಟಿವಿ ಮುಂದೆ ಕೂತ ಮಗುವಿನ ಹತ್ತಿರ ಗುರುತಿಲ್ಲದವರು ಬಂದು ಮಾತಾಡಲಾರರು. ಆದರೆ ಹೋಂವರ್ಕು ವಾಟ್ಸಾಪಿಗೆ ಬಂತು, ಅದಕ್ಕಾಗಿ ಫೋನು ಮಗುವಿನ ಕೈಗೆ ಬಂತು. ಶಾಲೆ ತೆರೆದ ಮೇಲೂ ಅದು ಅಲ್ಲೇ ಉಳಿಯಿತು.

ನಾರಾಯಣಪೇಟೆ, ಮಕ್ತಲ್, ಗದ್ವಾಲಿನ ಕನ್ನಡದ ಮನೆಗಳಲ್ಲಿ ಇದರ ತೊಡಕು ಇನ್ನೂ ಹೆಚ್ಚು. ಅವ್ವನ ಮಾತು ಕನ್ನಡ, ಊರಿನ ವ್ಯವಹಾರ ತೆಲುಗು, ಫೋನಿನ ಪರದೆ ಇಂಗ್ಲಿಷ್. ಈ ಪಾಲಮೂರು ಸೀಮೆಯಿಂದ ಹೈದರಾಬಾದಿಗೂ ಮುಂಬೈಗೂ ದುಡಿಯಲು ಹೋದವರ ಮಕ್ಕಳು ಎಷ್ಟೋ ಕಡೆ ಅಜ್ಜಿಯ ಹತ್ತಿರ ಬೆಳೆಯುತ್ತಾರೆ. ನೇಕಾರರ ಮನೆಯಲ್ಲಿ ತಾಯಿತಂದೆ ಜೊತೆಗಿದ್ದರೂ ಅವರ ಕಣ್ಣು ಮಗ್ಗದ ಮೇಲಿರುತ್ತದೆ. ಹೀಗಾಗಿ ಫೋನು ಬಲ್ಲವರು ಎಂದರೆ ಮನೆಯ ಚಿಕ್ಕ ಹುಡುಗ, ಹುಡುಗಿ. ಅಜ್ಜಿಗೆ ಬಂದ ಓಟಿಪಿ ಓದಿ ಹೇಳುವುದೂ ಅವರೇ.

ಪಾಠ ಶುರುವಾದ ಮರುದಿನವೇ ಕೇಂದ್ರ ಸರ್ಕಾರ ಪಬ್‌ಜಿ ಆಟವನ್ನು ನಿಷೇಧಿಸಿತು. ಮಕ್ಕಳಿಗೆ ಬೇರೆ ಆಟಗಳು ಸಿಕ್ಕವು. ಆದ್ದರಿಂದ ಬರೀ ನಿಷೇಧ, ಪಾಸ್‌ವರ್ಡುಗಳ ಮೇಲೆ ನನಗೆ ನಂಬಿಕೆಯಿಲ್ಲ. ಮೋಸಗಾರನ ದಾರಿ ನೋಡಿ: ಆಟದಲ್ಲಿ ಪರಿಚಯವಾಗುತ್ತಾನೆ, ಹೊಗಳುತ್ತಾನೆ, ಫೋಟೋ ಕೇಳುತ್ತಾನೆ, ಆಮೇಲೆ ‘ನಿಮ್ಮ ಮನೆಯವರಿಗೆ ಕಳಿಸುತ್ತೇನೆ’ ಎಂದು ಬೆದರಿಸುತ್ತಾನೆ. ನಮ್ಮ ಸಿಟ್ಟೇ ಅವನ ಬಂಡವಾಳ! ಹೊಡೆತ ಬೀಳುತ್ತದೆ, ಫೋನು ಹೋಗುತ್ತದೆ ಎಂಬ ಹೆದರಿಕೆಗೆ ಮಗು ಬಾಯಿ ಮುಚ್ಚಿಕೊಂಡು ಅವನು ಹೇಳಿದಂತೆ ಕೇಳುತ್ತದೆ. ‘ಬೈಯಂಗಿಲ್ಲ, ಫೋನೂ ಕಸ್ಕೊಳ್ಳಂಗಿಲ್ಲ, ಏನಾಗ್ಯಾದ ಹೇಳು’ ಎಂಬ ಮಾತು ಮನೆಯಲ್ಲಿ ಮೊದಲೇ ಆಡಿರಬೇಕು, ನಮ್ಮ ಮನೆಮಾತಿನಲ್ಲೇ ಆಡಿರಬೇಕು.

ಮಗು ಹೇಳಿದ ಮೇಲೆ ಸಂದೇಶ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬೆದರಿಕೆಗೆ ಹಣ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಗುವಿಗೆ ನೆರವು ಬೇಕಿದ್ದರೆ 1098ಕ್ಕೆ ಫೋನು ಮಾಡಿ. ಮಕ್ಕಳ ಅಶ್ಲೀಲ ಚಿತ್ರದ ವಿಷಯವಾದರೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಾನ ಹೋಗುತ್ತದೆಂದು ಹಿಂಜರಿಯುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು. 2012ರ ಪೋಕ್ಸೋ ಕಾಯ್ದೆ ಇರುವುದೇ ಲೈಂಗಿಕ ಅಪರಾಧಗಳಿಂದ ಮಗುವಿನ ರಕ್ಷಣೆಗೆ.

ಮಕ್ತಲ್, ಕೃಷ್ಣಾ ಮಂಡಲಗಳ ಕನ್ನಡ ಶಾಲೆಗಳ ಮೇಷ್ಟ್ರುಗಳಲ್ಲಿ ಒಂದು ಬೇಡಿಕೆ. 1930, 1098 ಈ ಎರಡು ನಂಬರುಗಳನ್ನು ಶಾಲೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಪಾಲಕರ ಸಭೆಗೆ ಅಜ್ಜಿಯರನ್ನೂ ಕರೆಯಿರಿ.